ಹಿಮ್ಮಡಿ ಎತ್ತಬೇಕೋ, ಊರಬೇಕೋ?

ಪಕ್ಕದ ತೋಟದವರ ಮಗಳು ಬೆಂಗಳೂರು ಬಿಟ್ಟು ಬಂದಿದ್ದಾಳೆ. ಮನೆಯಿಂದಲೇ ಕೆಲಸ, ಅದೂ ಕರೆಂಟ್ ಇದ್ದಾಗ. ಕೈಲ್‌ಪೊಳ್ದ್ ಹಬ್ಬ ಮುಗಿದ ವಾರ ವಿರಾಜಪೇಟೆ ಸಂತೆಯಲ್ಲಿ ಸಿಕ್ಕಿದಳು. ಒಂದು ಕೈಯಲ್ಲಿ ಸೌತೆಕಾಯಿ ಚೀಲ, ಇನ್ನೊಂದರಲ್ಲಿ ಫೋನು.

"ಆಂಟಿ, ನೀವು ಕರಾಟೆಗೆ ಹೋಗ್ತೀರಂತಲ್ಲ. ನಾನೂ ಏನಾದ್ರೂ ಕಲೀಬೇಕು ಅಂತಿದ್ದೀನಿ. ಕರಾಟೆ, ಕಳರಿ, ಕಿಕ್‌ಬಾಕ್ಸಿಂಗ್ ಮೂರೂ ಒಟ್ಟಿಗೆ ಶುರು ಮಾಡಿದ್ರೆ ಹೇಗೆ?"

ನನ್ನ ಎಡ ಮೊಣಕಾಲು ಚುರ್ ಎಂದಿತು. ನೆನಪಿಗೋ ಏನೋ. "ಒಂದು ಸಾಕು ಮಾರಾಯ್ತಿ" ಎಂದು ಹೇಳಿ ಬಸ್ಸಿಗೆ ಓಡಿದೆ. ಬಸ್ಸಿನಲ್ಲಿ ಕೂತ ಮೇಲೆ ಅನಿಸಿತು, ಅದು ಉತ್ತರವೇ ಅಲ್ಲ. ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಕೇಳದೇ ಮಾಡಿದವಳು.

ಮೂರು ವರ್ಷದ ಹಿಂದೆ ಮಗನನ್ನು ಕರಾಟೆಗೆ ಸೇರಿಸಿದೆ. ವಾರಕ್ಕೆ ಎರಡು ಸಂಜೆ, ಪೇಟೆಯ ಒಂದು ಮಹಡಿಯ ಹಾಲ್‌ನಲ್ಲಿ. ಅವನು ಒದೆಯುತ್ತಿದ್ದ, ನಾನು ಬೆಂಚಿನ ಮೇಲೆ ಫ್ಲಾಸ್ಕ್ ಹಿಡಿದು ಕೂರುತ್ತಿದ್ದೆ. ಮಳೆಗಾಲದಲ್ಲಿ ಒಂದು ಗಂಟೆಗೋಸ್ಕರ ಮನೆಗೆ ಹೋಗಿ ಬರುವ ಮಾತೇ ಇಲ್ಲ. ಒಂದು ದಿನ ಮಾಸ್ಟ್ರು, "ಸುಮ್ನೆ ಕೂತಿರೋ ಬದಲು ಬಂದು ನಿಂತ್ಕೊಳ್ಳಿ ಮೇಡಂ" ಎಂದರು. ನಿಂತೆ. ಆಗ ನನಗೆ 37. ಮುಂದಿನ ಸಾಲಿನಲ್ಲಿ ನಿಂತವರೆಲ್ಲ ನನ್ನ ಸೊಂಟದ ಎತ್ತರಕ್ಕಿದ್ದರು.

ತಡವಾಗಿ ಶುರು ಮಾಡಿದವರಿಗೆ ಒಂದು ಆತುರ ಇರುತ್ತದೆ. ಕಳೆದುಹೋದ ವರ್ಷಗಳನ್ನೆಲ್ಲ ಒಂದೇ ಸಲಕ್ಕೆ ವಸೂಲಿ ಮಾಡುವ ಆತುರ. ಸಹಕಾರ ಸಂಘದಲ್ಲಿ ಕೆಲಸ ಮಾಡುವವಳು ನಾನು, ವಸೂಲಿ ಗೊತ್ತು. ಸಂಘದ ಕೆಲಸಕ್ಕೆ ಶನಿವಾರ ಮಡಿಕೇರಿಗೆ ಹೋಗಲೇಬೇಕಿತ್ತು. ಅಲ್ಲೊಂದು ಕಿಕ್‌ಬಾಕ್ಸಿಂಗ್ ಕ್ಲಾಸ್ ಕಣ್ಣಿಗೆ ಬಿತ್ತು, ಸೇರಿಕೊಂಡೆ. ನಾದಿನಿಯ ಮನೆ ಕೇರಳದ ಇರಿಟ್ಟಿಯಲ್ಲಿ. ಭಾನುವಾರ ಮಾಕುಟ್ಟ ಘಾಟಿ ಇಳಿದರೆ ಆಯಿತು. ಅವಳ ಮನೆ ಹತ್ತಿರವೇ ಕಳರಿ, ಕೇರಳದ ಹಳೇ ಯುದ್ಧಕಲೆ ಕಲಿಸುವ ಜಾಗ. ಅದನ್ನೂ ಬಿಡಲಿಲ್ಲ. ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೂ ಉಂಟು. ಮೂರು ಕಲೆ, ಮೂರು ಊರು, ಎರಡು ರಾಜ್ಯ.

ಮೊದಲು ಕೆಟ್ಟದ್ದು ಕೈ.

ನಮ್ಮ ಕರಾಟೆ ಶೋಟೊಕಾನ್ ಶೈಲಿಯದು. ಅದರ ಮೂಲಪಾಠದಲ್ಲಿ ಬಲಗೈ ಗುದ್ದಲು ಮುಂದೆ ಹೋದರೆ ಎಡಗೈ ಮುಷ್ಟಿ ಕಟ್ಟಿ ಸೊಂಟಕ್ಕೆ ಬರಬೇಕು. ಅದಕ್ಕೆ ಹಿಕಿತೆ ಎನ್ನುತ್ತಾರೆ. ಎದುರಾಳಿಯ ಕೈಯನ್ನೋ ಬಟ್ಟೆಯನ್ನೋ ಹಿಡಿದು ಎಳೆಯುವುದು ಅದರ ಹಿಂದಿನ ಅರ್ಥ. ಕಿಕ್‌ಬಾಕ್ಸಿಂಗ್‌ನಲ್ಲಿ ಗುದ್ದದ ಕೈ ಕೆನ್ನೆ ಬಿಟ್ಟು ಕದಲಬಾರದು. ಕದಲಿದರೆ ಆ ಕೆನ್ನೆಗೆ ಬೀಳುತ್ತದೆ. ಶನಿವಾರ ನನ್ನ ಎಡಗೈ ತಾನಾಗಿ ಸೊಂಟಕ್ಕೆ ಇಳಿಯುತ್ತಿತ್ತು, ಎಡಗೆನ್ನೆಗೆ ಗ್ಲೌಸ್ ಬಂದು ಕೂರುತ್ತಿತ್ತು. ನಾಲ್ಕು ಶನಿವಾರ ತಿಂದ ಮೇಲೆ ಕೈ ಬುದ್ಧಿ ಕಲಿಯಿತು, ಕೆನ್ನೆಗೇ ಅಂಟಿಕೊಂಡಿತು. ಸರಿ, ಮುಂದಿನ ವಾರ ಕರಾಟೆಯಲ್ಲಿ ಬೆಲ್ಟ್ ಪರೀಕ್ಷೆ. ಹತ್ತು ವರ್ಷದ ಹುಡುಗರ ಕೈಗಳೆಲ್ಲ ಚಟ್ ಚಟ್ ಅಂತ ಸೊಂಟಕ್ಕೆ ಬರುತ್ತಿದ್ದರೆ ನನ್ನದು ಹಲ್ಲುನೋವು ಬಂದವಳ ಹಾಗೆ ಕೆನ್ನೆ ಮೇಲೆ. ಪರೀಕ್ಷೆಗೆ ಬಂದವರು ಏನೂ ಹೇಳಲಿಲ್ಲ. ಪೆನ್ನು ಮಾತ್ರ ಆಡಿತು. ಆ ಸಲ ಮಗ ಪಾಸಾದ, ಅಮ್ಮ ಫೇಲ್.

ಕಳರಿಯಲ್ಲಿ ತೊಂದರೆ ಹೆಗಲಿನದು. ಕರಾಟೆ ಹೊಡೆತದ ಕೊನೆಯಲ್ಲಿ ಇಡೀ ಮೈ ಒಂದು ಕ್ಷಣ ಬಿಗಿಯಾಗಬೇಕು. ಕಳರಿಯಲ್ಲಿ ಅಂಥ ನಿಲುಗಡೆ ಇಲ್ಲ. ಗುರುಕ್ಕಳ್, ಅಂದರೆ ಅಲ್ಲಿಯ ಗುರುಗಳ ಬಾಯಲ್ಲಿ ವಾಯ್ತಾರಿ, ಅಂದರೆ ಹೆಜ್ಜೆ ಹೇಳಿಕೊಡುವ ಮಾತು, ಓಡುತ್ತಿರುತ್ತದೆ, ಅದೇ ಓಟದಲ್ಲಿ ಮೈಯೂ ಓಡಬೇಕು. ಒಂದು ವಡಿವು, ಅಂದರೆ ಭಂಗಿ, ಇನ್ನೊಂದರೊಳಗೆ ಜಾರಬೇಕು. ನಾನು ಪ್ರತಿ ಹೆಜ್ಜೆಗೂ ಬ್ರೇಕ್ ಹಾಕುತ್ತಿದ್ದೆ. ಮಾಕುಟ್ಟ ಘಾಟಿ ಇಳಿಯುವ ಲಾರಿ ಹಾಗೆ.

ಇದೆಲ್ಲ ತಮಾಷೆ. ಹಿಮ್ಮಡಿಯದು ತಮಾಷೆ ಅಲ್ಲ.

ಶೋಟೊಕಾನ್‌ನಲ್ಲಿ ನಮಗೆ ಮೊದಲ ದಿನದಿಂದ ಕೇಳುವ ಒಂದೇ ಕೂಗು, "ಹಿಮ್ಮಡಿ ಊರಿ!" ಮುಂದಿನ ಮಂಡಿ ಬಗ್ಗಿಸಿ, ಹಿಂದಿನ ಕಾಲು ನೀಟಾಗಿ ಚಾಚಿ ನಿಲ್ಲುವ ಜೆಂಕುತ್ಸು ದಾಚಿಯಲ್ಲಿ ಎರಡೂ ಪಾದ ಪೂರ್ತಿ ನೆಲಕ್ಕೆ. ಸುತ್ತು ಒದೆ ಒದೆಯುವಾಗಲೂ ನಿಂತ ಕಾಲಿನ ಹಿಮ್ಮಡಿ ನೆಲ ಬಿಡಬಾರದು. ಪಾದ ತಿರುಗಬೇಕು, ಏಳಬಾರದು. ಕಿಕ್‌ಬಾಕ್ಸಿಂಗ್‌ನಲ್ಲಿ ಇದರ ಉಲ್ಟಾ. ಒದೆಯುವಾಗ ನಿಂತ ಕಾಲು ತುದಿಗಾಲಿಗೆ ಬಂದು, ಹಿಮ್ಮಡಿ ಮೇಲೆದ್ದು, ಎದುರಿನವರ ಕಡೆಗೆ ತಿರುಗಬೇಕು. ಅದು ತಿರುಗಿದರೇ ಸೊಂಟ ತಿರುಗುವುದು, ಸೊಂಟ ತಿರುಗಿದರೇ ಒದೆಯಲ್ಲಿ ತೂಕ ಬರುವುದು. ಎರಡೂ ಸರಿಯೇ. ಅವರವರ ಲೆಕ್ಕ ಅವರವರಿಗೆ.

ಆ ಶನಿವಾರ ಜೂನ್ ತಿಂಗಳ ಮಳೆ. ಹಾಲ್‌ನ ರಬ್ಬರ್ ಮ್ಯಾಟ್ ಪಸೆ ಹಿಡಿದಿತ್ತು, ಬರಿಗಾಲು ಅದಕ್ಕೆ ಗಮ್ ಹಾಕಿದ ಹಾಗೆ ಅಂಟುತ್ತಿತ್ತು. ಕೋಚ್ ಪ್ಯಾಡ್ ಹಿಡಿದು, "ಜೋರಾಗಿ, ಇನ್ನೂ ಜೋರಾಗಿ" ಎನ್ನುತ್ತಿದ್ದರು. ನಾನು ಬಲಗಾಲನ್ನು ಕಿಕ್‌ಬಾಕ್ಸಿಂಗ್ ಥರ ಬೀಸಿದೆ. ಪೂರ್ತಿ ತೂಕ ಹಾಕಿ, ಸೊಂಟ ತಿರುಗಿಸಿ. ಎಡಪಾದ ಮಾತ್ರ ಕರಾಟೆ ಕ್ಲಾಸಿನಲ್ಲೇ ಉಳಿದಿತ್ತು. ಹಿಮ್ಮಡಿ ಊರಿಕೊಂಡು ಅಲ್ಲಾಡಲಿಲ್ಲ. ಮೇಲಿನ ಮೈ ತಿರುಗಿತು, ಕೆಳಗಿನ ಪಾದ ತಿರುಗಲಿಲ್ಲ, ನಡುವೆ ಸಿಕ್ಕಿದ್ದು ಮೊಣಕಾಲು. ಹಸಿ ಬಿದಿರು ಸೀಳಿದಂಥ ಒಂದು ಸಣ್ಣ ಸದ್ದು. ನೋವು ಆಮೇಲೆ ಬಂತು. ಮೊದಲು ಬಂದದ್ದು ಆಶ್ಚರ್ಯ.

ಒಳಬದಿಯ ಲಿಗಮೆಂಟ್ ಎಳೆದಿದೆ, ಹರಿದಿಲ್ಲ ಅಂದರು ಡಾಕ್ಟರ್. ಆರು ವಾರ ವಿಶ್ರಾಂತಿ. ಪುಣ್ಯಕ್ಕೆ ಅಷ್ಟೇ. ಆ ವರ್ಷ ಕಕ್ಕಡ ತಿಂಗಳ 18ರ ಮದ್ದುಸೊಪ್ಪಿನ ಪಾಯಸ ನಾನು ಕಾಯಿಸಿದ್ದು ಒಲೆ ಮುಂದೆ ಕುರ್ಚಿ ಹಾಕಿಕೊಂಡು. ಕಳರಿಯವರು ಫೋನ್ ಮಾಡಿ, ಹೇಗೂ ಇದು ಕರ್ಕಟಕ, ಮೈಗೆ ಎಣ್ಣೆ ಹಾಕಿ ತಿಕ್ಕಿಸಿಕೊಳ್ಳುವ ಕಾಲ, ಆರಾಮಾಗಿರಿ ಎಂದರು. ನಮ್ಮ ಕಕ್ಕಡವೇ ಅವರ ಕರ್ಕಟಕ. ಮಲೆಯ ಈಚೆಗೂ ಆಚೆಗೂ ಒಂದೇ ಮಳೆ.

ಕೂತಲ್ಲೇ ಕೂತವಳಿಗೆ ಓದುವುದು ಬಿಟ್ಟು ಬೇರೇನು ಕೆಲಸ? ನನ್ನ ತಪ್ಪಿಗೆ ಒಂದು ವಿಜ್ಞಾನ ಸಿಗುತ್ತದೋ ಅಂತ ಹುಡುಕಿದೆ. ಸಿಕ್ಕಿದ್ದು ಉಲ್ಟಾ. 1979ರಲ್ಲಿ ಶೇ ಮತ್ತು ಮೋರ್ಗನ್ ಎಂಬ ಇಬ್ಬರು ಒಂದು ಪ್ರಯೋಗ ಮಾಡಿದ್ದರು. ಕೈಯಲ್ಲಿ ಟೆನಿಸ್ ಚೆಂಡು ಹಿಡಿದು, ದೀಪ ಹತ್ತಿದ ಕೂಡಲೇ ಸಣ್ಣ ಮರದ ಹಲಗೆಗಳನ್ನು ಹೇಳಿದ ಕ್ರಮದಲ್ಲಿ ಬೀಳಿಸಬೇಕು. ಮೂರು ಥರದ ಕ್ರಮ. ಕೆಲವರು ಒಂದನ್ನು ಮುಗಿಸಿ ಇನ್ನೊಂದು ಅಭ್ಯಾಸ ಮಾಡಿದರು, ಕೆಲವರು ಮೂರನ್ನೂ ಕಲಸಿ ಮಾಡಿದರು. ಕಲಸಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಹಿಂದೆ ಬಿದ್ದರು. ಹತ್ತು ದಿನ ಬಿಟ್ಟು ನೋಡಿದರೆ ಅವರಿಗೇ ಚೆನ್ನಾಗಿ ನೆನಪಿತ್ತು. ಓದಿ ಪೆಚ್ಚಾದೆ. ಹಾಗಾದರೆ ನಾನು ಮಾಡಿದ್ದು ಸರಿಯಾ?

ಎರಡು ದಿನ ಯೋಚನೆ ಮಾಡಿದ ಮೇಲೆ ಹೊಳೆಯಿತು. ಅವರು ಕಲಸಿದ್ದು ಒಂದೇ ಆಟದ ಮೂರು ಬಗೆ. ನಮ್ಮ ಮಾಸ್ಟ್ರು ಒಂದೇ ಕ್ಲಾಸಿನಲ್ಲಿ ಮುಂದಿನ ಒದೆ, ಸುತ್ತು ಒದೆ, ಪಕ್ಕದ ಒದೆ ಮೂರನ್ನೂ ಹೇಗೆಂದರೆ ಹಾಗೆ ಕೂಗುತ್ತಾರಲ್ಲ, ಹಾಗೆ. ಅಲ್ಲಿ ನಿಯಮ ಒಂದೇ. ನಾನು ಕಲಸಿದ್ದು ನಿಯಮಗಳನ್ನೇ.

ನಿಯಮ ಅಂದಾಗ ಕೊಡವರ ಪರಿಯಕಳಿ ಆಟ ನೆನಪಾಗುತ್ತದೆ. ಪುತ್ತರಿ ಹಬ್ಬದ ಸಮಯದಲ್ಲಿ ಮಂದ್‌ನಲ್ಲಿ, ಅಂದರೆ ಊರಿನ ಬಯಲಿನಲ್ಲಿ, ನೋಡಿದವರಿಗೆ ಗೊತ್ತು. ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಬೆತ್ತ. ಹೊಡೆಯುವುದಿದ್ದರೆ ಮೊಣಕಾಲಿನ ಕೆಳಗೆ ಮಾತ್ರ. ವಿಚಿತ್ರ ಅನಿಸುವ ನಿಯಮ, ಅಲ್ವಾ? ಆದರೆ ಆಡುವವರ ಪಾದ ನೋಡಿ. ಬಿಸಿ ಹೆಂಚಿನ ಮೇಲೆ ನಿಂತ ಹಾಗೆ. ತಲೆಗೂ ಹೊಡೆಯಬಹುದು ಅಂತ ಇದ್ದಿದ್ದರೆ ಆ ಪಾದಗಳು ಹುಟ್ಟುತ್ತಲೇ ಇರಲಿಲ್ಲ. ಬಾಕ್ಸಿಂಗ್‌ನಲ್ಲಿ ಒದೆಯುವ ಹಾಗಿಲ್ಲ, ಅದಕ್ಕೇ ಅವರ ತಲೆ ಅಷ್ಟು ಚುರುಕು. ಜೂಡೋದಲ್ಲಿ ಗುದ್ದುವ ಹಾಗಿಲ್ಲ, ಅದಕ್ಕೇ ಅವರಿಗೆ ಬಟ್ಟೆ ಹಿಡಿದ ಬೆರಳಿನಲ್ಲೇ ಎದುರಾಳಿಯ ತೂಕ ಗೊತ್ತಾಗುತ್ತದೆ. ಕಳರಿಯಲ್ಲಿ ಮೈತ್ತಾರಿ, ಅಂದರೆ ಬರೀ ಮೈಯ ಪಾಠ, ಒಗ್ಗುವ ತನಕ ಕೋಲ್ತಾರಿಯ ಕೋಲು ಕೈಗೆ ಸಿಗುವುದಿಲ್ಲ, ಕತ್ತಿ ಗುರಾಣಿಯ ಅಂಕತ್ತಾರಿ ಇನ್ನೂ ದೂರ. ಒಂದೊಂದು ಕಲೆಯೂ ಒಂದೊಂದು ಬಾಗಿಲು ಮುಚ್ಚಿಯೇ ಕಲಿಸುವುದು.

ನಾನು ಮೂರು ಕಡೆ ಸೇರಿ ಮಾಡಿದ್ದು ಎಲ್ಲ ಬಾಗಿಲನ್ನೂ ತೆರೆದಿಟ್ಟುಕೊಂಡದ್ದು. ಜೆಂಕುತ್ಸು ದಾಚಿಯಲ್ಲಿ ತೊಡೆ ನಡುಗಲು ಶುರುವಾದ ವಾರ, "ಈ ನಿಲುವು ನಿಜವಾದ ಜಗಳಕ್ಕೆ ಬರೋದಿಲ್ಲ, ಕಿಕ್‌ಬಾಕ್ಸಿಂಗೇ ವಾಸಿ" ಅನ್ನಿಸುತ್ತಿತ್ತು. ಶನಿವಾರ ಕೆನ್ನೆಗೆ ಬಿದ್ದಾಗ, "ಇದೇನು ಹೊಡೆದಾಟ, ಕಳರಿಯಲ್ಲಿ ಎಷ್ಟು ಅಂದ ಇದೆ" ಅನ್ನಿಸುತ್ತಿತ್ತು. ಭಾನುವಾರ ಕಳರಿಯಲ್ಲಿ ಕಾಲು ತಲೆಯ ಎತ್ತರಕ್ಕೆ ಏಳದಿದ್ದಾಗ, "ನನ್ನ ವಯಸ್ಸಿಗೆ ಕರಾಟೆಯೇ ಸರಿ." ಬೇಜಾರಾಗುವ ಜಾಗ ಬಂದ ಕೂಡಲೇ ನನಗೆ ಹೋಗಲು ಇನ್ನೊಂದು ಮನೆ ಇತ್ತು. ಎಂಟು ತಿಂಗಳು ಮೂರು ಕಡೆಯೂ ನಾನು ಹೊಸಬಳಾಗಿಯೇ ಇದ್ದೆ. ಹೊಸಬರನ್ನು ಎಲ್ಲರೂ ಹೊಗಳುತ್ತಾರೆ. ನಿಜ ಹೇಳಬೇಕೆಂದರೆ ಆ ಹೊಗಳಿಕೆಯೂ ಬೇಕಿತ್ತು.

ಇದನ್ನೆಲ್ಲ ಮನೆಯಲ್ಲಿ ಹೇಳಿದೆ. ಕೊಡಗಿನಲ್ಲಿ ಯಾವ ವಿಷಯ ಎತ್ತಿದರೂ ಅದಕ್ಕೊಂದು ತೋಟದ ಉಪಮೆ ಬಂದೇ ಬರುತ್ತದೆ. ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಒಂದೇ ಬೆಳೆ ನಂಬಿದವನು ಉದ್ಧಾರ ಆಗಿದ್ದುಂಟಾ? 2001ರಲ್ಲಿ, 2002ರಲ್ಲಿ ಕಾಫಿ ರೇಟು ಬಿದ್ದಾಗ ಮೆಣಸು ಇದ್ದವರು ಉಸಿರಾಡಿದ್ರು" ಎಂದರು. ಬಾಯಿ ಮುಚ್ಚಿತು. ನಮ್ಮ ಮನೆಯೂ ಆಗ ಮೆಣಸಿನಲ್ಲೇ ಉಸಿರಾಡಿದ್ದು.

ಉತ್ತರ ಹೊಳೆದದ್ದು ಮಾರನೇ ದಿನ, ಕುಂಟುತ್ತಾ ತೋಟಕ್ಕೆ ಹೋದಾಗ. ಮೆಣಸಿನ ಬಳ್ಳಿಯನ್ನು ಹಬ್ಬಿಸುವುದು ಆಗಲೇ ಬೇರು ಬಿಟ್ಟು ನಿಂತ ಮರಕ್ಕೆ. ಮರವನ್ನೂ ಬಳ್ಳಿಯನ್ನೂ ಒಂದೇ ದಿನ ನೆಟ್ಟರೆ ಬಳ್ಳಿ ಹಬ್ಬುವುದೆಲ್ಲಿಗೆ? ಮತ್ತೆ, ಕಾಫಿ ಕೆಳಗೆ ಇರುತ್ತದೆ, ಮೆಣಸು ಮೇಲೆ ಏರುತ್ತದೆ. ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಮೆಣಸಿನ ಕುಯ್ಲು. ಒಂದೇ ಎತ್ತರಕ್ಕೆ ಬೆಳೆದು, ಒಂದೇ ಬಿಸಿಲಿಗೆ ಬಾಯಿ ತೆರೆಯುವ ಎರಡು ಗಿಡವನ್ನು ಯಾರೂ ಒಂದೇ ಗುಂಡಿಯಲ್ಲಿ ಇಡುವುದಿಲ್ಲ. ಸಂಜೆ ಇದನ್ನು ಹೇಳಿದೆ. ನಮ್ಮವರು "ಹೂಂ" ಎಂದರು. ಅವರ ಮಟ್ಟಿಗೆ ಅದು ಸೋಲೊಪ್ಪಿದ ಹಾಗೆ.

ಆದರೆ ನಮ್ಮವರ ಮಾತಿನಲ್ಲೂ ಹುರುಳಿತ್ತು. ಎರಡು ಕಲೆ ಒಟ್ಟಿಗೆ ಕಲಿಯಲೇಬೇಕೆಂದರೆ ಒಂದಕ್ಕೊಂದು ದೂರ ಇರುವುದನ್ನು ಆರಿಸಿಕೊಳ್ಳುವುದು ವಾಸಿ. ಬಾಕ್ಸಿಂಗ್ ಜೊತೆ ಜೂಡೋ ಹೋಗಬಹುದು. ಒಂದು ದೂರದಿಂದ ಹೊಡೆಯುವುದು, ಇನ್ನೊಂದು ಹತ್ತಿರ ಬಂದು ಹಿಡಿದು ಕೆಡವುವುದು. ಎರಡೂ ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಹೇಳುವುದಿಲ್ಲ, ಪ್ರಶ್ನೆಯೇ ಬೇರೆ. ಕೆಡಿಸುವುದು ಅಣ್ಣತಮ್ಮಂದಿರ ಹಾಗೆ ಕಾಣುವ ಕಲೆಗಳು. ಕರಾಟೆ ಮತ್ತು ಟೇಕ್ವಾಂಡೋ. ಕರಾಟೆ ಮತ್ತು ಕಿಕ್‌ಬಾಕ್ಸಿಂಗ್. ಅದೇ ಒದೆ, ಅದೇ ಗುದ್ದು, ಹಿಮ್ಮಡಿ ಮಾತ್ರ ಬೇರೆ. ಹಳೇ ಸ್ಕೂಟರ್ ಬಿಟ್ಟು ಬೈಕ್ ಹತ್ತಿದ ದಿನ ಗೇರು ಹುಡುಕಿ ಎಡಗೈ ತಿರುಚಿದವರಿಗೆ ಇದು ಅರ್ಥವಾಗುತ್ತದೆ. ಕಾರು ಕಲಿಯುವಾಗ ಆ ತೊಂದರೆ ಇಲ್ಲ.

ದೊಡ್ಡವರೆಲ್ಲ ಕಲಸಿಯೇ ಕಲಿತದ್ದು ಅನ್ನುವ ವಾದ ಒಂದಿದೆ. ಜೂಡೋ ಕಟ್ಟಿದ ಕಾನೋ ಜಿಗೋರೋ ಅವರ ಹೆಸರು ಇದಕ್ಕೆ ಬಳಕೆಯಾಗುತ್ತದೆ. ಜಪಾನಿನ ಹಳೇ ಹಿಡಿತದ ಕಲೆಯಾದ ಜುಜುತ್ಸುವಿನ ಎರಡು ಪಂಥ ಸೇರಿಸಿಯೇ ಅಲ್ವಾ ಜೂಡೋ ಹುಟ್ಟಿದ್ದು ಅಂತ. ಹೌದು. ಆದರೆ ಅವರು ಎರಡನ್ನೂ ಒಂದೇ ವಾರದಲ್ಲಿ ಹಂಚಿಕೊಂಡವರಲ್ಲ. 1877ರಲ್ಲಿ ತೆಂಜಿನ್ ಶಿನ್ಯೋ ಪಂಥಕ್ಕೆ ಸೇರಿದರು. ಎರಡು ವರ್ಷಕ್ಕೆ ಗುರು ತೀರಿಕೊಂಡರು. ಅದೇ ಪಂಥದ ಇನ್ನೊಬ್ಬ ಗುರುವಿನ ಹತ್ತಿರ ಹೋದರು. 1881ರಲ್ಲಿ ಅವರೂ ತೀರಿಕೊಂಡರು. ಆಮೇಲೆ ಕಿತೋ ಪಂಥದ ಗುರು. 1882ರಲ್ಲಿ ತಮ್ಮ ಜೂಡೋ ಶಾಲೆ ಕೊಡೋಕಾನ್ ಶುರು ಮಾಡಿದಾಗ ಅವರಿಗೆ ಇನ್ನೂ 21. ಎರಡನೇ ಬಾಗಿಲು ತಟ್ಟುವ ಹೊತ್ತಿಗೆ ಮೊದಲನೆಯದು ನಾಲ್ಕು ವರ್ಷ ಮೈಯಲ್ಲಿ ಇಳಿದಿತ್ತು. ಬ್ರೂಸ್ ಲೀ ಕೂಡ ಹಾಂಗ್‌ಕಾಂಗ್‌ನಲ್ಲಿ ಇಪ್ ಮ್ಯಾನ್ ಅವರ ಹತ್ತಿರ ವಿಂಗ್ ಚುನ್ ಕಲಿತು ವರ್ಷಗಳಾದ ಮೇಲೆಯೇ ಅದನ್ನು ಬೈಯಲು ಶುರು ಮಾಡಿದ್ದು. ಕಲಿತದ್ದನ್ನು ಬೈಯುವುದಕ್ಕೂ ಕಲಿಯದೇ ಬೈಯುವುದಕ್ಕೂ ವ್ಯತ್ಯಾಸ ಇದೆ. ನಾನು ಎರಡನೇ ಜಾತಿ.

ಎಲ್ಲ ಕಲೆಗಳನ್ನೂ ಬೆರೆಸಿ ಕಾದಾಡುವ ಎಂಎಂಎ ಜಿಮ್‌ಗಳ ಮಾತು ಬೇರೆ. 1993ರ ಮೊದಲ ಯುಎಫ್‌ಸಿ ಪಂದ್ಯಾವಳಿಯಲ್ಲಿ ರಾಯ್ಸ್ ಗ್ರೇಸಿ ಬರೀ ಬ್ರೆಜಿಲಿಯನ್ ಜುಜಿತ್ಸು ಹಿಡಿದು ಗೆದ್ದ ಮೇಲೆ, ನೆಲದ ಆಟ ಗೊತ್ತಿಲ್ಲದೆ ಗತಿಯಿಲ್ಲ ಅಂತ ಹೊಡೆಯುವವರಿಗೆಲ್ಲ ಅರ್ಥವಾಯಿತು. ಈಗ ಅಂಥ ಜಿಮ್‌ನಲ್ಲಿ ಮೊದಲ ದಿನದಿಂದಲೇ ಎಲ್ಲವೂ ಉಂಟು. ಆದರೆ ಅಲ್ಲಿ ಹಿಮ್ಮಡಿ ಎಲ್ಲಿರಬೇಕು ಅಂತ ತೀರ್ಮಾನ ಮಾಡಿದವರು ಒಬ್ಬರು ಇರುತ್ತಾರೆ. ನನ್ನ ಮೂವರು ಗುರುಗಳು ಒಬ್ಬರನ್ನೊಬ್ಬರು ನೋಡಿದವರೇ ಅಲ್ಲ. ಅವರ ಜಗಳ ತೀರ್ಮಾನ ಆದದ್ದು ನನ್ನ ಮಂಡಿಯಲ್ಲಿ.

ಇಷ್ಟೆಲ್ಲ ಹೇಳುವ ನಾನು ಮಗನಿಗೆ ಏನೂ ಹೇಳುವುದಿಲ್ಲ. ಬೇಸಿಗೆಯಲ್ಲಿ ಅವನು ಕರಾಟೆಗೆ ಚಕ್ಕರ್ ಹೊಡೆದು ಹಾಕಿ ಕ್ಯಾಂಪಿಗೆ ಹೋಗುತ್ತಾನೆ. ಕೊಡಗಿನ ಹುಡುಗ, ಹೋಗಬೇಡ ಅಂದರೆ ಆಗುತ್ತಾ? 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಬಂದರೆ ಇಲ್ಲಿ ಮದುವೆಗಳೂ ತಾರೀಕು ನೋಡಿಕೊಂಡು ನಡೆಯುತ್ತವೆ. ತಮಾಷೆ ಎಂದರೆ ಹಾಕಿ ಅವನ ಕರಾಟೆಗೆ ಒಳ್ಳೆಯದೇ ಮಾಡಿದೆ. ಸ್ಟಿಕ್ ಹಿಡಿದು ಮಂಡಿ ಬಗ್ಗಿಸಿ ಓಡಿ ಓಡಿ ಅವನ ನಿಲುವು ತಾನಾಗಿ ಕೆಳಗಿಳಿದಿದೆ. ನಾನು ಒಂದು ವರ್ಷ ಒದ್ದಾಡಿದರೂ ಬಾರದ ತೊಡೆಯ ಬಲ ಅವನಿಗೆ ಮೈದಾನದಲ್ಲಿ ಪುಕ್ಕಟೆ ಸಿಕ್ಕಿತು. ಹಾಕಿಯಲ್ಲಿ ಯಾರೂ ಅವನಿಗೆ ಬೇರೆ ಥರ ಒದೆಯಲು ಹೇಳಿಕೊಡಲಿಲ್ಲ, ಅದಕ್ಕೇ. ಮಕ್ಕಳು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಆಡಲಿ. ಅವರ ಹತ್ತಿರ ಸಮಯ ಇದೆ. ನಮ್ಮ ಹತ್ತಿರ ವಾರಕ್ಕೆ ಸಿಗುವುದೇ ಮೂರು ಗಂಟೆ. ಅದನ್ನು ಮೂರು ಕಡೆ ಹಂಚಿದರೆ ಒಂದೊಂದಕ್ಕೆ ಒಂದೇ ಗಂಟೆ, ಆ ಒಂದು ಗಂಟೆಯಲ್ಲಿ ಅರ್ಧ ಹೋದ ವಾರದ್ದು ನೆನಪು ಮಾಡಿಕೊಳ್ಳುವುದಕ್ಕೇ ಹೋಗುತ್ತದೆ. ಲೆಕ್ಕ ಬರೆಯುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು.

ಈಗ ಒಂದಕ್ಕೇ ಹೋಗುತ್ತಿದ್ದೇನೆ. ಕರಾಟೆ ಮೇಲು ಅಂತಲ್ಲ. ಹಾಲ್ ಹತ್ತಿರ ಇದೆ, ಮಾಸ್ಟ್ರು ಬೈಯುತ್ತಾರೆ, ಮಗ ಜೊತೆಗೆ ಬರುತ್ತಾನೆ. ಆರಿಸಿಕೊಳ್ಳಲು ಇದಕ್ಕಿಂತ ದೊಡ್ಡ ಕಾರಣ ಬೇಕು ಅಂತ ನನಗೆ ಅನಿಸುವುದಿಲ್ಲ. ಕಳರಿಯ ಆಸೆ ಹೋಗಿಲ್ಲ. ಮೂಲೆಯಲ್ಲಿರುವ ದೇವರ ಪೀಠ ಪೂತ್ತರದ ಏಳು ಮೆಟ್ಟಿಲು, ಅಗೆದು ತಗ್ಗು ಮಾಡಿದ ಮಣ್ಣು ನೆಲ, ಬಲಗಾಲು ಇಟ್ಟು ಇಳಿದು ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳುವುದು, ಎಣ್ಣೆಯ ವಾಸನೆ, ಎಲ್ಲ ಆಗಾಗ ಕರೆಯುತ್ತದೆ. ಯಾವಾಗ ಹೋಗಬಹುದು? ಬೆಲ್ಟಿನ ಬಣ್ಣ ನೋಡಿ ತೀರ್ಮಾನ ಮಾಡುವುದಿಲ್ಲ. ಮಾಸ್ಟ್ರು "ಹಿಮ್ಮಡಿ" ಅಂತ ಕೂಗುವ ಮೊದಲೇ ನನಗೆ ಅದು ಎದ್ದದ್ದು ಗೊತ್ತಾಗಬೇಕು. ಸುಸ್ತಾದಾಗಲೂ, ಮನೆಯಲ್ಲಿ ಗ್ಯಾಸ್ ಆಫ್ ಮಾಡಿದೆನಾ ಅಂತ ಯೋಚಿಸುತ್ತಿದ್ದಾಗಲೂ. ಈಗ ಹತ್ತರಲ್ಲಿ ಆರು ಸಲ ಗೊತ್ತಾಗುತ್ತದೆ.

ಸಂತೆಯಲ್ಲಿ ಸಿಕ್ಕ ಹುಡುಗಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಲು ಹೋಗಲಿಲ್ಲ. ಮಂಗಳವಾರ ಬಂದು ಬೆಂಚಿನ ಮೇಲೆ ಕೂತು ನೋಡು ಎಂದೆ. ಬಂದಳು. ಹೊಸ ಟ್ರ್ಯಾಕ್ ಪ್ಯಾಂಟು, ಹೊಸ ನೀರಿನ ಬಾಟಲಿ. ಐದು ನಿಮಿಷಕ್ಕೆ ಮಾಸ್ಟ್ರು ಅವಳನ್ನೂ ಎಬ್ಬಿಸಿದರು. ಪೂರ್ತಿ ಕ್ಲಾಸು ಅವಳು ಮಾಡಿದ್ದು ಒಂದೇ ಕೆಲಸ. ಮಂಡಿ ಬಗ್ಗಿಸಿ ನಿಲ್ಲುವುದು, ಒಂದು ಹೆಜ್ಜೆ ಮುಂದೆ, ಮತ್ತೆ ನಿಲ್ಲುವುದು. ನನ್ನ ಮಗ ಎದುರು ನಿಂತು, "ಅಕ್ಕಾ, ಹಿಮ್ಮಡಿ" ಎನ್ನುತ್ತಿದ್ದ, ಬಹಳ ಖುಷಿಯಿಂದ.

ಮುಗಿದ ಮೇಲೆ ಮೆಟ್ಟಿಲು ಇಳಿಯುವಾಗ ಅವಳ ತೊಡೆ ನಡುಗುತ್ತಿತ್ತು. ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಅರ್ಧಕ್ಕೆ ನಿಂತು, "ಆಂಟಿ, ಕಳರಿ ಭಾನುವಾರ ಎಷ್ಟು ಗಂಟೆಗೆ?" ಎಂದು ಕೇಳಿದಳು.

ಆರು ಗಂಟೆಗೆ ಎಂದೆ. ಅವಳು ಇನ್ನೂ ಒಂಬತ್ತು ಮೆಟ್ಟಿಲು ಇಳಿಯುವುದಿತ್ತು.